ಕಂಬದ ಹಿಂದಿನ ಗಡ್ಡ

ಎಲ್ಲದಕ್ಕೂ ಮೂಲ ಒಂದೇ ಒಂದು ಕಿಡಿ. ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರು ಓಡೋಡಿ ಬಂದು, ಬೀರುವಿನ ಕೀ ಕಳೆದಿದೆ, ಈಗಲೇ ಇನ್ನೊಂದು ಮಾಡಿಕೊಡಿ ಎಂದು ಪ್ರಾಣ ಹಿಂಡಿದರು. ನಮ್ಮ ಬೀಗ ರಿಪೇರಿಯವನು ಯಾರಿಗೂ ಇಲ್ಲ ಅನ್ನುವ ಪೈಕಿಯವನಲ್ಲ. ಸಾಣೆ ಚಕ್ರದ ಮೇಲೆ ಬಗ್ಗಿ ಕೀ ಉಜ್ಜುತ್ತಿದ್ದಾಗ ಕಿಡಿ ಹಾರಿ ಗಡ್ಡಕ್ಕೆ ಬಿತ್ತು. ಅದೇನು ಅಂಥಿಂಥ ಗಡ್ಡವೇ? ಅಂಗಿಯ ಮೇಲಿನ ಗುಂಡಿಗಳನ್ನು ಮುಚ್ಚುವಷ್ಟು ಇಳಿದ, ವರ್ಷಗಟ್ಟಲೆ ಕತ್ತರಿಯ ಮುಖ ಕಾಣದ ಗಡ್ಡ. ಚೊಂಬು ಹುಡುಕಿ ನೀರು ಸುರಿದುಕೊಳ್ಳುವಷ್ಟರಲ್ಲಿ ಎಡಗಡೆಯ ಅರ್ಧ ಕರಕಲಾಗಿತ್ತು. ಗಿರಾಕಿ ಮಹಾಶಯರು "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ" ಎಂದು ಮೂಗು ಮುಚ್ಚಿಕೊಂಡು ಕೀ ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ವಿಧಿಯಿಲ್ಲದೆ ಉಳಿದರ್ಧವನ್ನೂ ಬೋಳಿಸಿದ. ಕನ್ನಡಿಯಲ್ಲಿ ಸುಲಿದ ಆಲೂಗಡ್ಡೆಯಂಥ ಮುಖವೊಂದು ಕಾಣಿಸಿತು. "ಯಾರಪ್ಪಾ ನೀನು?" ಎಂದು ಕೇಳಿದ. ಅವನು ಮನೆಯಲ್ಲಿ ಮಾತಾಡುತ್ತಿದ್ದದ್ದು ಕನ್ನಡಿಯ ಜೊತೆ ಮಾತ್ರ, ಇವತ್ತು ಅದೂ ಅಪರಿಚಿತವಾಗಿತ್ತು.

ಅವನು ಚರ್ಚಿಗೆ ಹೋಗುವ ರೀತಿಯೇ ಬೇರೆ. ಮೊದಲ ಕೀರ್ತನೆ ಶುರುವಾದ ಮೇಲೆ ಒಳಗೆ ನುಸುಳಿ, ಕಟ್ಟಕಡೆಯ ಬೆಂಚಿನಲ್ಲಿ ದಪ್ಪ ಕಂಬದ ಹಿಂದೆ ಕೂರುತ್ತಿದ್ದ. ಕಡೆಯ ಆಶೀರ್ವಾದಕ್ಕೆ ಎಲ್ಲರೂ ಕಣ್ಣು ಮುಚ್ಚಿದಾಗ ಎದ್ದು ಹೊರಟುಬಿಡುತ್ತಿದ್ದ. ಭಕ್ತಿ ಕಡಿಮೆ ಅಂತಲ್ಲ. ಆರಾಧನೆ ಮುಗಿದ ಮೇಲೆ ಜನ ಅಂಗಳದಲ್ಲಿ ಚಹಾ ಹಿಡಿದು ಅಲ್ಲೊಂದು ಗುಂಪು ಇಲ್ಲೊಂದು ಗುಂಪು ನಿಲ್ಲುತ್ತಾರಲ್ಲ, ತಾನು ಯಾವ ಗುಂಪಿಗೆ ಸೇರಿ ನಿಲ್ಲಬೇಕು ಎಂಬುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಲೋಟ ಹಿಡಿದು ಒಬ್ಬನೇ ನಿಲ್ಲುವುದಕ್ಕಿಂತ ಮನೆಯೇ ವಾಸಿ.

ಹಾಗಂತ ಆ ಸಭೆಯವರು ಕಲ್ಲುಮನಸ್ಸಿನವರಲ್ಲ. ಹೊಸಬರು ಯಾರೇ ಬರಲಿ, ಎದೆಗೊಂದು ಹೂ, ಕೂರಲು ಮುಂದಿನ ಬೆಂಚು, ಇಡೀ ಸಭೆ ಎದ್ದು ನಿಂತು ಹಾಡುವ ಸ್ವಾಗತಗೀತೆ, ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಊಟ, ಊಟವಾದ ಮೇಲೆ ಭೇಟಿ ತಂಡದ ಜೊತೆ ಒಂದು ಮನೆಗೆ ಹೋಗಿ ಪ್ರಾರ್ಥನೆ. ಇದು ಅಲ್ಲಿಯ ಪದ್ಧತಿ. ಇವನಿಗೆ ಮಾತ್ರ ಇದ್ಯಾವುದೂ ದಕ್ಕಿರಲಿಲ್ಲ. ಇವನು ಮೊದಲ ಸಲ ಬಂದ ದಿನ ಅಲ್ಲಿ ಯಾರದ್ದೋ ಶವಸಂಸ್ಕಾರ ನಡೆಯುತ್ತಿತ್ತು. ತೀರಿಕೊಂಡವರ ಕಡೆಯವನಿರಬೇಕೆಂದು ಜನ ಇವನ ಕೈ ಹಿಡಿದು "ಧೈರ್ಯ ತಂದ್ಕೊಳ್ಳಿ" ಎಂದು ಸಮಾಧಾನ ಹೇಳಿ ಕಳಿಸಿದ್ದರು. ಮುಂದಿನ ವಾರ ಬರುವಷ್ಟರಲ್ಲಿ ಹಳಬನಾಗಿಬಿಟ್ಟಿದ್ದ. ಅಂದಿನಿಂದ ಎಷ್ಟೋ ಹೊಸಬರಿಗೆ ಇವನೂ ಎದ್ದು ನಿಂತು ಹಾಡಿದ್ದ, ಕಂಬಕ್ಕೆ ಕೇಳಿಸುವಷ್ಟು ಮೆಲ್ಲಗೆ.

ಈ ಭಾನುವಾರ ಗಡ್ಡ ಬೋಳಿಸುವುದರಲ್ಲೇ ಹೊತ್ತಾಯಿತು. ಬಂದು ನೋಡಿದರೆ ಕಂಬದ ಹಿಂದೆ ಮಡಚಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಎಲ್ಲಿ ಕೂರುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತ. ಅಷ್ಟು ಸಾಕಾಯಿತು, ಹೆಡ್‌ಮಿಸ್ಸಮ್ಮ ಅವನನ್ನು ಹಿಡಿದೇಬಿಟ್ಟರು. ಅವರು ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಸ್ವಾಗತ, ಊಟ, ಭೇಟಿ ತಂಡ ಎಲ್ಲಕ್ಕೂ ಅವರದೇ ಯಜಮಾನಿಕೆ.

"ಹೊಸಬ್ರಾ ತಮ್ಮಾ?"

"ಅಲ್ಲ, ನಾನು…"

"ನಾಚ್ಕೋಬೇಡಿ. ಇಲ್ಲಿ ಯಾರೂ ಹೊರಗಿನವರಲ್ಲ."

ಅವರು ಪ್ರಶ್ನೆ ಕೇಳುತ್ತಿದ್ದದ್ದು ಉತ್ತರಕ್ಕಾಗಿ ಅಲ್ಲ. ಇವನ ಬಾಯಿ ಮುಚ್ಚುವಷ್ಟರಲ್ಲಿ ಜೇಬಿನ ಮೇಲೆ ಹೂ ಬಂದಿತ್ತು, ತೋಳು ಅವರ ಕೈಯಲ್ಲಿತ್ತು, ಕಾಲು ಮುಂದಿನ ಬೆಂಚಿನ ಕಡೆ ನಡೆಯುತ್ತಿತ್ತು. ಇಡೀ ಸಭೆ ಎದ್ದು ನಿಂತಿತು. ಹಾಡು ಶುರುವಾಯಿತು. ತನಗಾಗಿ ಅಷ್ಟೊಂದು ಜನ ಬಾಯಿ ತೆರೆದು ಹಾಡುತ್ತಿರುವುದನ್ನು ನೋಡಿ ಅವನು ಜೇಬಿನ ಮೇಲಿನ ಹೂವನ್ನು ಸರಿಮಾಡಿಕೊಂಡ. ಹಾಡು ಮುಗಿದ ಕೂಡಲೇ ನಿಜ ಹೇಳಿಬಿಡುತ್ತೇನೆ ಅಂದುಕೊಂಡ. ಮುಗಿಯಿತು. ಎಲ್ಲರೂ ಕೈ ಕುಲುಕಲು ಬಂದರು. ಆಮೇಲೆ ಹೇಳಿದರಾಯಿತು ಅಂದುಕೊಂಡ.

ಮುಂದಿನ ಕೀರ್ತನೆಯಲ್ಲಿ ಇನ್ನೊಂದು ಎಡವಟ್ಟಾಯಿತು. ಅಭ್ಯಾಸಬಲದಿಂದ ಪುಸ್ತಕ ತೆರೆಯದೆ ಕಣ್ಣು ಮುಚ್ಚಿ ಎಲ್ಲ ಚರಣಗಳನ್ನೂ ಹಾಡಿಬಿಟ್ಟ. ಹೆಡ್‌ಮಿಸ್ಸಮ್ಮ ಪಾಸ್ಟರ ಕಡೆ ತಿರುಗಿ, "ನೋಡಿದ್ರಾ? ಇವತ್ತು ಮೊದಲ್ನೇ ಸಲ ಬಂದಿದ್ದಾರೆ. ಹಾಡು ಪೂರ್ತಿ ಬಾಯಿಪಾಠ! ದೇವರ ಕೆಲಸ ಅಂದ್ರೆ ಇದು!" ಎಂದು ಕಣ್ಣೊರೆಸಿಕೊಂಡರು. ಪಾಸ್ಟರು ಅವನನ್ನು ವೇದಿಕೆಗೆ ಕರೆದು ಎರಡು ಮಾತಾಡಿ ಎಂದರು.

"ನಾನು… ಬಹಳ ದಿನದಿಂದ ಬರಬೇಕು ಅಂತಿದ್ದೆ" ಎಂದ. ಸಭೆ ಚಪ್ಪಾಳೆ ತಟ್ಟಿತು. ಸುಳ್ಳೇನೂ ಅಲ್ಲವಲ್ಲ. ವೇದಿಕೆಯವರೆಗೆ ಬರಲು ಅವನಿಗೆ ವರ್ಷಗಳೇ ಹಿಡಿದಿದ್ದವು.

ಊಟ ಹೆಡ್‌ಮಿಸ್ಸಮ್ಮನವರ ಮನೆಯಲ್ಲಿ. "ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ, ಏನು ಗುಬ್ಬಚ್ಚಿ ತರ ತಿಂತೀರಿ" ಎಂದು ಅವರು ಗದರಿಸಿದಾಗ ಅವನಿಗೆ ಅನ್ನದ ತಟ್ಟೆ ಮಸುಕಾಗಿ ಕಂಡಿತು. ತಾಯಿ ಹೋದ ಮೇಲೆ ಯಾರೂ ಅವನಿಗೆ ಸಾಕು ಅನ್ನುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಈ ಒಂದು ದಿನ ಹೀಗೇ ಕಳೆದುಬಿಡಲಿ ದೇವರೇ, ನಾಳೆ ಬೇಕಾದರೆ ಶಿಕ್ಷೆ ಕೊಡು, ಎಂದು ಒಳಗೊಳಗೇ ಬೇಡಿಕೊಂಡ.

ದೇವರು ನಾಳೆಯವರೆಗೆ ಕಾಯಲಿಲ್ಲ. ಚರ್ಚಿನ ಗಂಟೆ ಬಾರಿಸುವ ಗಂಟೆಯಣ್ಣ ಏದುಸಿರು ಬಿಡುತ್ತ ಬಂದ.

"ಅಮ್ಮಾ, ಇವತ್ತು ಕಂಬದ ಗಡ್ಡ ಬಂದಿಲ್ಲ!"

"ಯಾರು?" ಎಂದ ಇವನು.

"ಒಬ್ರಿದ್ದಾರೆ ತಮ್ಮಾ" ಎಂದರು ಹೆಡ್‌ಮಿಸ್ಸಮ್ಮ. "ಕಂಬದ ಹಿಂದೆ ಕೂರ್ತಾರೆ. ಇಷ್ಟುದ್ದ ಗಡ್ಡ. ಒಂದು ವಾರಾನೂ ತಪ್ಪಿಸಿದವರಲ್ಲ. ಆದ್ರೆ ಮಾತಾಡಿಸೋಣ ಅಂತ ಹೋಗೋಷ್ಟರಲ್ಲಿ ಮಾಯ! ನಮ್ಮ ಜೊತೆ ನಿಲ್ಲೋಕೆ ಅವರಿಗೆ ಮನಸ್ಸಿಲ್ಲ ಅನ್ಸುತ್ತೆ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅವರಿಗೆ ತಾನು ಗೊತ್ತಿದ್ದ! ತನಗೊಂದು ಅಡ್ಡಹೆಸರು ಕೂಡ ಇತ್ತು! ಬಾರದಿದ್ದರೆ ಹುಡುಕುವವರಿದ್ದರು! ಎದ್ದು ಕುಣಿಯಬೇಕೆನಿಸಿತು, ಆದರೆ ಕುಣಿಯಲು ಕಾರಣ ಹೇಳಬೇಕಲ್ಲ.

"ಏನೋ ಆಗಿದೆ" ಎಂದು ಹೆಡ್‌ಮಿಸ್ಸಮ್ಮ ಸೆರಗು ಸಿಕ್ಕಿಸಿದರು. "ಗಂಟೆಯಣ್ಣ, ಚರ್ಚಿನ ಕೋಣೆ ಬೀಗ ಕೆಟ್ಟಾಗ ನೀನೇ ತಾನೇ ಅವರನ್ನ ಕರ್ಕೊಂಡು ಬಂದಿದ್ದು? ಮನೆ ತೋರಿಸು. ಇವತ್ತಿನ ಭೇಟಿ ಅಲ್ಲಿಗೇ. ತಮ್ಮಾ, ನೀವೂ ಏಳಿ, ಹೊಸಬರು ಬರಲೇಬೇಕು. ಅವರಿಗೂ ಒಂದು ಡಬ್ಬಿ ಊಟ ಕಟ್ಕೋತೀನಿ."

ಹೀಗೆ ನಮ್ಮ ಬೀಗ ರಿಪೇರಿಯವನು ಪಾಸ್ಟರು, ಹೆಡ್‌ಮಿಸ್ಸಮ್ಮ, ಗಂಟೆಯಣ್ಣನ ಜೊತೆ ತನ್ನನ್ನೇ ವಿಚಾರಿಸಿಕೊಳ್ಳಲು ತನ್ನ ಮನೆಗೇ ಹೊರಟ. ದಾರಿ ತಪ್ಪಿಸೋಣವೆಂದರೆ ಗಂಟೆಯಣ್ಣನಿಗೆ ದಾರಿ ಚೆನ್ನಾಗಿ ಗೊತ್ತಿತ್ತು.

ಅವನ ಕೋಣೆ ಇದ್ದದ್ದು ಮಹಡಿಯ ಮೇಲೆ, ಕೆಳಗಿನ ಮನೆಯ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಅವರ ನಾಯಿ ಪಾಸ್ಟರಿಗೆ ಬೊಗಳಿತು, ಹೆಡ್‌ಮಿಸ್ಸಮ್ಮನಿಗೆ ಹಲ್ಲು ತೋರಿಸಿತು. ಇವನನ್ನು ಕಂಡದ್ದೇ ತಡ ಬಾಲ ಆಡಿಸುತ್ತ ಕಾಲು ನೆಕ್ಕತೊಡಗಿತು. ಬೆಳಗಿನಿಂದ ಅವನನ್ನು ಗುರುತು ಹಿಡಿದದ್ದು ಅದೊಂದೇ ಜೀವ.

"ಅಯ್ಯೋ, ಇದು ಯಾರ ಹತ್ರಾನೂ ಹೋಗಲ್ಲ! ನೀವು ಯಾರೋ ಪುಣ್ಯಾತ್ಮರೇ ಇರಬೇಕು" ಎಂದರು ಅಜ್ಜಿ, ಪೊರೆ ಬಂದ ಕಣ್ಣು ಕಿರಿದು ಮಾಡಿ. "ಮೇಲಿನವನಾ? ಗಡ್ಡದವನಾ? ಅವನು ಮನೇಲೇ ಇರಬೇಕು, ಇನ್ನೆಲ್ಲಿಗೆ ಹೋಗ್ತಾನೆ? ಅವನಿಗೆ ಯಾರಿದ್ದಾರೆ? ಒಂದು ದಿನ ಏನಜ್ಜಿ ಅಂತ ಮಾತಾಡಿಸಿದವನಲ್ಲ. ಬಹಳ ಗರ್ವ."

ಗರ್ವವೇ! ಅಜ್ಜಿ ಮಲಗಿರಬಹುದು, ತೊಂದರೆಯಾಗಬಾರದು ಎಂದು ಅವನು ಎಷ್ಟು ವರ್ಷ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದ!

ಮೇಲೆ ಬಾಗಿಲು ತಟ್ಟಿದರು. ಉತ್ತರವಿಲ್ಲ. ಇವನೂ ಮರ್ಯಾದೆಗೆ ಎರಡು ಸಲ ತಟ್ಟಿದ. ಎಳೆದರೆ ತಾನಾಗಿಯೇ ಬೀಳುವ ಬೀಗವಾದ್ದರಿಂದ ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

"ಫೋನ್ ಹೊಡಿ ಗಂಟೆಯಣ್ಣ."

ಆರಾಧನೆಗೆಂದು ಸದ್ದು ನಿಲ್ಲಿಸಿದ್ದ ಫೋನು ಇವನ ಜೇಬಿನಲ್ಲಿ ಗುರ್‌ಗುಟ್ಟಿತು. ಜೇಬಿನ ಮೇಲಿದ್ದ ಹೂ ಗಡಗಡ ನಡುಗಿತು. ಗಿರಾಕಿಗಳನ್ನು ಬಿಟ್ಟು ಬೇರೆ ಯಾರಾದರೂ ಅವನಿಗೆ ಫೋನು ಮಾಡಿ ಎಷ್ಟು ಕಾಲವಾಗಿತ್ತೋ. ಕೊನೆಗೂ ಒಂದು ಬಂದರೆ ಎತ್ತುವ ಭಾಗ್ಯವಿಲ್ಲ.

"ಯಾಕೆ ತಮ್ಮಾ ನಡುಗ್ತಿದ್ದೀರಿ?"

"ಭಯ ಆಗ್ತಿದೆ ಅಮ್ಮ."

"ಎಷ್ಟು ಮೃದು ಹೃದಯ!" ಎಂದು ಹೆಡ್‌ಮಿಸ್ಸಮ್ಮ ಬೆನ್ನು ಸವರಿದರು. "ಎತ್ತುತ್ತಿಲ್ಲ. ಒಳಗೆ ಬಿದ್ದಿದ್ದಾರೆ, ಖಂಡಿತ. ಗಂಟೆಯಣ್ಣ, ಬಾಗಿಲು ಒಡಿ!"

ಗಂಟೆಯಣ್ಣ ತೋಳು ಮಡಚಿ ಹಿಂದಕ್ಕೆ ಸರಿದ. ಬಾಗಿಲು ಮನೆ ಮಾಲೀಕರದು, ಬೀಗ ಇವನೇ ಹೊಟ್ಟೆ ಬಟ್ಟೆ ಕಟ್ಟಿ ಕೊಂಡು ಕೂರಿಸಿದ್ದು. "ತಡೀರಿ ತಡೀರಿ! ನನಗೆ ಸ್ವಲ್ಪ ಈ ಕೆಲಸ ಬರುತ್ತೆ. ಒಂದು ಹೇರ್‌ಪಿನ್ ಕೊಡಿ" ಎಂದು ಅಡ್ಡ ನಿಂತ. ಎಲ್ಲರಿಗೂ ಬೆನ್ನು ಮಾಡಿ, ಅಂಗೈಯಲ್ಲಿ ಅಡಗಿಸಿದ್ದ ಕೀಯನ್ನು ತೂರಿಸಿ, ಬಹಳ ಕಷ್ಟವಾದವನಂತೆ ಹೂಂಕರಿಸಿ, ಬಾಗಿಲು ತೆರೆದ.

"ಸದ್ಯ, ಯಾರೂ ಬಿದ್ದಿಲ್ಲ" ಎಂದು ಗಂಟೆಯಣ್ಣ ಮಂಚದ ಕೆಳಗೂ ಬಗ್ಗಿ ನೋಡಿದ.

ಉಳಿದವರು ಕೋಣೆಯ ಸುತ್ತ ಕಣ್ಣಾಡಿಸಿದರು. ಒಂದು ಕುರ್ಚಿ. ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ ಕೀಗಳು, ಮಾಡಿಸಲು ಕೊಟ್ಟು ಯಾರೂ ಒಯ್ಯಲು ಬಾರದವು. ಪ್ರತಿದಿನ ನೋಡುತ್ತಿದ್ದ ಕೋಣೆಯೇ. ಆದರೆ ನಾಲ್ಕು ಜನ ನಿಂತಾಗ ಅದು ಎಷ್ಟು ಖಾಲಿಯೆಂದು ಅವನಿಗೆ ಮೊದಲ ಸಲ ಕಂಡಿತು.

"ಪಾಪ. ಇನ್ನೊಂದು ಲೋಟ ಕೂಡ ಇಲ್ಲ" ಎಂದರು ಹೆಡ್‌ಮಿಸ್ಸಮ್ಮ ಮೆಲ್ಲಗೆ. ಡಬ್ಬಿಯನ್ನು ತಟ್ಟೆಯ ಪಕ್ಕ ಇಟ್ಟರು.

"ಬೇರೆ ಚರ್ಚಿಗೆ ಹೋಗಿಬಿಟ್ಟರೇನೋ" ಎಂದ ಗಂಟೆಯಣ್ಣ. "ನಾವೇ ಓಡಿಸಿಬಿಟ್ವಿ ಅಮ್ಮ."

ಪಾಸ್ಟರು ಕಣ್ಣು ಮುಚ್ಚಿದರು. "ಸ್ವಾಮೀ, ನಿನ್ನ ಈ ಮಗ ಇಷ್ಟು ವರ್ಷ ನಮ್ಮ ಹಿಂದೆ ಕೂತಿದ್ದ. ಅವನ ಹೆಸರು ನಮಗೆ ಗೊತ್ತಿಲ್ಲ. ನಿನಗೆ ಗೊತ್ತಿದೆ. ಅವನನ್ನ ನಮಗೆ ವಾಪಸ್ ಕೊಡು."

ಇವನ ಬೋಳು ಗಲ್ಲದ ಮೇಲೆ ಕಣ್ಣೀರು ಇಳಿಯಿತು. ಗಡ್ಡವಿದ್ದಿದ್ದರೆ ಅಲ್ಲೇ ಇಂಗುತ್ತಿತ್ತು. ಇನ್ನು ತಡೆಯಲಾರೆ, ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದ. "ಪಾಸ್ಟರ್, ಒಂದು ಮಾತು…"

"ನಾನು ಮೊದಲು!" ಎಂದು ಹೆಡ್‌ಮಿಸ್ಸಮ್ಮ ತರಗತಿ ಸುಮ್ಮನಾಗಿಸುವ ಹಾಗೆ ಅಂಗೈ ಎತ್ತಿದರು. "ನಾನು ನಿರ್ಧಾರ ಮಾಡಿದ್ದೀನಿ. ನೋಡಿ, ಈ ಹೊಸ ತಮ್ಮ ಅಳ್ತಿದ್ದಾರೆ. ಮುಖಾನೇ ನೋಡದ ಮನುಷ್ಯನಿಗೋಸ್ಕರ! ಇಂಥವರೇ ಬೇಕು. ಕಂಬದ ಗಡ್ಡ ಇನ್ನು ಇವರ ಜವಾಬ್ದಾರಿ. ಮುಂದಿನ ವಾರದಿಂದ ಇವರು ಅವರ ಪಕ್ಕದಲ್ಲೇ ಕೂರ್ತಾರೆ."

ಪಾಸ್ಟರು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಒಂದು ಸುಳ್ಳಾಗಿದ್ದರೆ ಹೇಳಿಬಿಡಬಹುದಿತ್ತು. ಈಗ ಹಾಡಿಸಿಕೊಂಡಾಗಿತ್ತು, ಊಟವಾಗಿತ್ತು, ಹೇರ್‌ಪಿನ್ನೂ ಆಗಿತ್ತು. ಅವನು ಬಾಯಿ ಮುಚ್ಚಿದ.

ಅಷ್ಟಕ್ಕೇ ಬಿಟ್ಟರೇ? ಹೊಸಬರನ್ನು ಬಸ್ಸು ಹತ್ತಿಸದೆ ಕಳಿಸುವುದುಂಟೇ? ತನ್ನ ಮನೆಯ ಬಾಗಿಲನ್ನು ತಾನೇ ಎಳೆದುಕೊಂಡು, ನಿಲ್ದಾಣಕ್ಕೆ ನಡೆದು, ಬಂದ ಬಸ್ಸಿಗೆ ಹತ್ತಿ, ಮೂವರೂ ಕೈ ಬೀಸುತ್ತಿರುವುದನ್ನು ಕಿಟಕಿಯಿಂದ ನೋಡಿದ. ತಿರುವು ದಾಟಿದ ಮೇಲೆ ಇಳಿದು ವಾಪಸ್ಸು ನಡೆದ. ಮೆಟ್ಟಿಲ ಬಳಿ ನಾಯಿ ಮಾತ್ರ ಎದ್ದು ಬಂತು.

ಕತ್ತಲಾಗುವ ಹೊತ್ತಿಗೆ ಡಬ್ಬಿ ತೆರೆದು ಒಂದು ತುತ್ತು ಬಾಯಿಗಿಟ್ಟ. ಫೋನು ಗುರ್‌ಗುಟ್ಟಿತು. ಇದನ್ನಾದರೂ ಎತ್ತಬಹುದಲ್ಲ ಎಂದು ಆಸೆಯಿಂದ ಎತ್ತಿದ.

"ಕಂಬದ… ಅಂದ್ರೆ, ಬೀಗದ ಕೆಲಸದವರಾ? ಸದ್ಯ, ಸಿಕ್ಕಿದ್ರಲ್ಲ!" ಹೆಡ್‌ಮಿಸ್ಸಮ್ಮನ ದನಿ. "ನೀವಿಲ್ಲದಾಗ ಮನೆಗೆ ಬಂದಿದ್ವಿ, ತಪ್ಪು ತಿಳ್ಕೋಬೇಡಿ. ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ ಅಮ್ಮ. ನಾನು ನಿಮಗೊಂದು ವಿಷಯ…"

"ಮೊದಲು ನನ್ನ ವಿಷಯ ಕೇಳಿ. ನಿಮಗೊಬ್ಬ ಒಳ್ಳೇ ಜೊತೆ ಗೊತ್ತು ಮಾಡಿದ್ದೀನಿ. ಇವತ್ತೇ ಬಂದ ಹೊಸಬರು. ಮುಂದಿನ ವಾರ ನಿಮ್ಮ ಪಕ್ಕ ಕೂರ್ತಾರೆ. ಕಂಬದ ಹಿಂದಿನ ಕುರ್ಚಿಗಳನ್ನೆಲ್ಲ ತೆಗೆಸ್ತೀನಿ. ನೀವಿಬ್ರೂ ಆರಾಮಾಗಿ ಮಾತಾಡ್ಕೋಬೇಕು, ಯಾರೂ ಆ ಕಡೆ ಹೋಗಬಾರದು, ತೊಂದರೆ ಕೊಡಬಾರದು ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ."

"ಯಾರೂ ಬರಲ್ವಾ ಅಮ್ಮ?"

"ಒಬ್ರೂ ಬರಲ್ಲ, ಅದು ನನ್ನ ಜವಾಬ್ದಾರಿ!" ಆಮೇಲೆ ಅವರ ದನಿ ತಗ್ಗಿತು. "ಇನ್ನೊಂದು ಮಾತು, ನಿಮ್ಮಲ್ಲೇ ಇರಲಿ. ಆ ಹೊಸಬರು ಇದ್ದಾರಲ್ಲ, ಊಟ ಮಾಡುವಾಗ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವರಿಗೂ ಯಾರೂ ಇದ್ದ ಹಾಗಿಲ್ಲ. ಪಾಪ, ನೀವೇ ಸ್ವಲ್ಪ ನೋಡ್ಕೊಳ್ಳಿ ತಮ್ಮಾ."

"ನೋಡ್ಕೋತೀನಿ ಅಮ್ಮ" ಎಂದ.

ಫೋನಿಟ್ಟು ಎದೆಯ ಕಡೆ ನೋಡಿದ. ಜೇಬಿನ ಮೇಲಿದ್ದ ಹೂ ಬಾಡುತ್ತಿತ್ತು. ಇದ್ದ ಒಂದೇ ಲೋಟಕ್ಕೆ ನೀರು ತುಂಬಿಸಿ ಹೂವನ್ನು ಅದರಲ್ಲಿಟ್ಟ. ಆಮೇಲೆ ಕನ್ನಡಿಯ ಮುಂದೆ ನಿಂತು ಬೋಳು ಮುಖವನ್ನು ನೋಡುತ್ತ, "ಊಟ ಆಯ್ತಾ?" ಎಂದು ಕೇಳಿದ.