ಮುನ್ನೂರು ಕುದುರೆಯ ಕಾರು

ಭಾನುಪ್ರಕಾಶನ ಕಷ್ಟಕ್ಕೆಲ್ಲ ಮೂಲ ಒಂದು ಟೊಮೆಟೊ ಟೆಂಪೊ. ಮಂಚೇನಹಳ್ಳಿ ದಾಟಿದ ಮೇಲೆ ಸಿಗುವ ಏರಿನಲ್ಲಿ, ಕ್ರೇಟುಗಳ ಭಾರಕ್ಕೆ ಏದುಸಿರು ಬಿಡುತ್ತಿದ್ದ ಆ ಟೆಂಪೊ ಅವನ ಜರ್ಮನ್ ಕಾರನ್ನು ಹಿಂದೆ ಹಾಕಿತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಟೆಂಪೊದವನು ಕಿಟಕಿಯಿಂದ ಕೈ ಚಾಚಿ, ನಿಧಾನಕ್ಕೆ ಬನ್ನಿ ಪರವಾಗಿಲ್ಲ ಎನ್ನುವಂತೆ ಆಡಿಸಿದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಯಶೋಧರಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ಭಾನುಪ್ರಕಾಶನಿಗೆ ವಾಪಸ್ ಗೌರಿಬಿದನೂರಿನ ಮನೆ ಮುಟ್ಟುವವರೆಗೂ ಕೇಳಿಸುತ್ತಲೇ ಇತ್ತು.

ಭಾನುಪ್ರಕಾಶ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಕಾರು ಹದಿನೇಳು ವರ್ಷ ಹಳೆಯದು, ಅವನು ಅದರ ಮೂರನೆಯ ಮಾಲೀಕ. ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದಂಥ ಗಂಭೀರ ಸದ್ದು. ಗಾಂಭೀರ್ಯಕ್ಕೇನೂ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಓಟಕ್ಕೆ.

ಅವನು ಚಿಂತಾಮಣಿಯ ಮೆಕ್ಯಾನಿಕ್ ಲಾಲ್ ಬಾಷಾನ ಬಳಿ ಓಡಿದ. ಹಳೆಯ ಫಾರಿನ್ ಕಾರುಗಳ ವಿಷಯದಲ್ಲಿ ಸುತ್ತ ನಾಲ್ಕು ತಾಲ್ಲೂಕಿಗೆ ಅವನದೇ ಕೊನೆಯ ಮಾತು.

"ಸಾರ್, ಇದೇ ಗಾಡಿಗೆ ರೇಸ್ ಮಾಡೋರಿಗೆ ಅಂತ ಇನ್ನೊಂದು ಇಂಜಿನ್ ಬರ್ತಿತ್ತು" ಎಂದ ಲಾಲ್ ಬಾಷಾ. "ಮೇಲಿಂದ ನೋಡಿದ್ರೆ ಎರಡೂ ಅಣ್ಣತಮ್ಮಂದಿರು. ನಿಮ್ದು ತಮ್ಮ, ನೂರೈವತ್ತು ಕುದ್ರೆ. ಅದು ಅಣ್ಣ, ಮುನ್ನೂರು ಕುದ್ರೆ. ಹಾಕ್ಬಿಡಣ?"

ಮುನ್ನೂರು ಎಂದದ್ದೇ ತಡ, ಭಾನುಪ್ರಕಾಶನ ಕಣ್ಣ ಮುಂದೆ ಟೊಮೆಟೊ ಟೆಂಪೊ ಚಿಕ್ಕದಾಗುತ್ತಾ ಹೋಗಿ ಚುಕ್ಕೆಯಾಯಿತು.

ಮನೆಯಲ್ಲಿ ಯಶೋಧರಾ ಬೇಡ ಎನ್ನಲಿಲ್ಲ. ಆಕೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಸಂಜೆ ಮೂವತ್ತು ಮಕ್ಕಳಿಗೆ ಇಕ್ಕಟ್ಟಾದ ಜಗಲಿಯಲ್ಲಿ ಟ್ಯೂಷನ್ ಹೇಳುತ್ತಿದ್ದಳು; ಕಾರು ಶೆಡ್ಡಿನ ಮೇಲೆ ಅವಳ ಕಣ್ಣು ಬಿದ್ದು ಎರಡು ವರ್ಷವಾಗಿತ್ತು.

"ಹಾಕ್ಸಿ, ನಂದೇನಿಲ್ಲ. ಆದ್ರೆ ಇಂಜಿನ್ ಬದಲಾಯ್ತು ಅಂತ ಆರ್‌ಸಿಲಿ ಬರ್ಬೇಕು. ಸಾರಿಗೆ ಆಫೀಸಲ್ಲಿ ಅರ್ಜಿ ಪಾಸಾದ್ರೆ ಶೆಡ್ಡು ನಿಮ್ದು, ಮತ್ತೆ ಬಾಯಿ ಬಿಡಲ್ಲ. ವಾಪಸ್ ಬಂತೋ, ಶೆಡ್ಡು ನನ್ ಟ್ಯೂಷನ್‌ಗೆ. ಒಪ್ಪಿಗೇನಾ?"

"ಒಪ್ಪಿಗೆ ಕಣೇ" ಎಂದುಬಿಟ್ಟ ಭಾನುಪ್ರಕಾಶ. ಗಣಿತದವರ ಹತ್ತಿರ ಷರತ್ತು ಕಟ್ಟುವಾಗ ಒಂದು ರಾತ್ರಿ ಯೋಚನೆ ಮಾಡಬೇಕು ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಲಾಲ್ ಬಾಷಾ ಹಳೆಯ ಇಂಜಿನ್ನನ್ನು ಇಳಿಸಿ ಬೆಂಗಳೂರಿನ ಗುಜರಿಗೆ ಸಾಗಹಾಕಿದ. ಎರಡು ತಿಂಗಳ ಮೇಲೆ ಅಲ್ಲಿನ ಒಬ್ಬ ಡೀಲರ್ ಟಾರ್ಪಾಲಿನಲ್ಲಿ ಸುತ್ತಿ ಕಳಿಸಿದ ಇಂಜಿನ್ನು ಬಂತು. ಬೆಳ್ಳಿ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ಹೊಳೆಯುತ್ತಿತ್ತು. ಅದನ್ನು ಕೂರಿಸಿ, ಜೊತೆಗೊಂದು ದಪ್ಪ ಸೈಲೆನ್ಸರನ್ನೂ ಬಿಗಿದದ್ದಾಯಿತು. ಉಳಿದದ್ದು ಚಿಕ್ಕಬಳ್ಳಾಪುರದ ತಪಾಸಣೆ ಮಾತ್ರ. ಬುಧವಾರ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಕಾರು ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ನಿಲ್ಲಬೇಕಿತ್ತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಭಾನುಪ್ರಕಾಶ ಕೀಲಿ ತಿರುಗಿಸಿದ. ಕಾರು ಗುಡುಗಿತು. ಎದುರು ಮನೆಯ ಆಂಜಿನಮ್ಮ ಹೂ ಕಟ್ಟುತ್ತಿದ್ದವಳು ದಾರ ಬಿಟ್ಟು ಎದ್ದು ಬಂದಳು.

"ಏನಪ್ಪಾ ಭಾನೂ, ಮುನ್ನೂರು ಕುದ್ರೆ ಅಂತೆ? ಎಲ್ಲವ್ವಪ್ಪಾ ಅವು? ಒಸಿ ತೆಗ್ದು ತೋರ್ಸು."

"ಅಮ್ಮ, ನನಗೆ ಲೇಟಾಗ್ತೈತೆ."

"ತೆಗೀದೆ ಹೋದ್ರೆ ನಂಗೆ ಹೊತ್ತು ಹೋಗಲ್ಲಪ್ಪಾ."

ಬಾನೆಟ್ ತೆಗೆದ. ಆಂಜಿನಮ್ಮ ಬಗ್ಗಿ, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವಳಂತೆ ನೋಡಿದಳು. "ಪಾತ್ರೆ ಚೆಂದಾಗಿ ಬೆಳಗವ್ರೆ" ಎಂದು ಸರ್ಟಿಫಿಕೇಟ್ ಕೊಟ್ಟು ಹೂವಿಗೆ ಮರಳಿದಳು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದು. ಪಕ್ಕದ ಮನೆಯ ಮುನಿನಾರಾಯಣಪ್ಪ, ಕೈಯಲ್ಲಿ ಛತ್ರಿ ಹಿಡಿದು, ಆಗಲೇ ಸೀಟಿನಲ್ಲಿ ಸ್ಥಾಪಿತರಾಗಿದ್ದರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಉರುಳುವುದೆಲ್ಲ ತಮ್ಮ ಇಲಾಖೆಗೇ ಸೇರಿದ್ದು ಎಂಬುದು ಅವರ ನಂಬಿಕೆ.

"ಆಫೀಸಿನೋರ ಹತ್ರ ಮಾತಾಡಕ್ಕೆ ನಿಂಗೆ ಬರಲ್ಲಪ್ಪಾ. ನಾನು ಬರ್ತೀನಿ, ಹೊರಡು ಹೊರಡು."

ಮುನಿನಾರಾಯಣಪ್ಪನವರ ಗುರುತಿನವರು ಇಲ್ಲದ ಜಾಗ ಈ ಜಿಲ್ಲೆಯಲ್ಲಿ ಇಲ್ಲ. ರೈಲ್ವೆ ಗೇಟು ಬಿದ್ದಿತ್ತು. ಅವರು ಇಳಿದು ಹೋಗಿ ಹಿಂದೆ ನಿಂತಿದ್ದ ಬಸ್ಸಿನ ಡ್ರೈವರನ್ನೂ ಕಂಡಕ್ಟರನ್ನೂ ಕರೆತಂದರು. ಬಾನೆಟ್ ಎದ್ದಿತು. ಗೇಟು ತೆರೆದರೂ ಬಸ್ಸಿನವರು ಕದಲಲಿಲ್ಲ, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಕೊನೆಗೆ ತಾವೂ ಇಳಿದು ಬಂದು ನೋಡಿದರು. ಪೆಟ್ರೋಲ್ ಬಂಕಿನಲ್ಲಿ ಕ್ಯಾಷಿಯರ್ ವೆಂಕಟೇಶ್ ಕ್ಯಾಷ್ ಬಿಟ್ಟು ಬಂದ. ಟೀ ಅಂಗಡಿಯಲ್ಲಿ ಮತ್ತೆರಡು ಸಲ. ಪ್ರತಿ ಸಲವೂ ಮುನಿನಾರಾಯಣಪ್ಪ ಛತ್ರಿಯ ತುದಿಯಿಂದ ತೋರಿಸಿ ವಿವರಿಸುತ್ತಿದ್ದರು. "ಇಲ್ನೋಡಿ, ಈ ಕಡೆ ನೂರೈವತ್ತು, ಆ ಕಡೆ ನೂರೈವತ್ತು."

ಮಂಚೇನಹಳ್ಳಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು.

"ಏನ್ರೀ ಸೌಂಡು? ಇಳೀರಿ. ಬಾನೆಟ್ ತೆಗೀರಿ."

ಭಾನುಪ್ರಕಾಶ ಇಳಿದು ಬಾನೆಟ್ ತೆಗೆದ. ತಪಾಸಣೆಗೆ ಹೋಗುತ್ತಿರುವ ಕಾಗದಗಳನ್ನೆಲ್ಲ ಮುಂದೆ ಚಾಚಿದ. ಪೇದೆ ಕಾಗದದ ಕಡೆ ನೋಡಲೇ ಇಲ್ಲ. ಇಂಜಿನ್ನಿನ ಪಕ್ಕ ನಿಂತು, ಟೋಪಿ ಸರಿಮಾಡಿಕೊಂಡು, ತನ್ನ ಫೋನನ್ನು ಭಾನುಪ್ರಕಾಶನ ಕೈಗೆ ಕೊಟ್ಟ. "ಹೊಸ ಇಂಜಿನ್ನೂ ಬರ್ಬೇಕು, ನಾನೂ ಬರ್ಬೇಕು. ಒಂದು ಫೋಟೊ ಹೊಡೀರಿ."

ಆಗ ಹನ್ನೊಂದೂ ಕಾಲು. ಅದು ಆರನೆಯ ಸಲ ಬಾನೆಟ್ ಎದ್ದದ್ದು.

ಆದರೆ ಆಮೇಲಿನ ಏರು ಸಿಕ್ಕಿತಲ್ಲ, ಅಲ್ಲಿ ಭಾನುಪ್ರಕಾಶ ಜನ್ಮ ಸಾರ್ಥಕ ಮಾಡಿಕೊಂಡ. ಮುಂದೆ ಒಂದು ಟೊಮೆಟೊ ಟೆಂಪೊ. ಅವನು ಕಾಲು ಒತ್ತಿದ. ಕಾರು ಗರ್ಜಿಸಿ ನುಗ್ಗಿತು, ಟೆಂಪೊ ಹಿಂದಾಯಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ಆಡಿಸಿಯೂ ಬಿಟ್ಟ.

"ನೋಡಿದ್ರಾ ಯಜಮಾನ್ರೇ? ಹಳೇ ಇಂಜಿನ್ ಆಗಿದ್ರೆ ಇಲ್ಲಿ ಏದುಸಿರು ಬಿಡ್ತಿತ್ತು."

"ಎಲ್ಲಿ ಹಳೇದು, ಎಲ್ಲಿ ಇದು!" ಎಂದರು ಮುನಿನಾರಾಯಣಪ್ಪ. "ನನ್ ಕಾಲಿಗೆ ಗೊತ್ತಾಗ್ತೈತಪ್ಪಾ, ಹಿಂದೆ ಕೂತಿದ್ರೂನೂ."

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಚಿಕ್ಕಬಳ್ಳಾಪುರದ ಸಾರಿಗೆ ಕಚೇರಿಯ ಅಂಗಳ ಸೇರಿದರು. ಚಿಂತಾಮಣಿಯಿಂದ ಬಸ್ಸಿನಲ್ಲಿ ಬಂದಿದ್ದ ಲಾಲ್ ಬಾಷಾ ಹುಣಸೆ ಮರದ ಕೆಳಗೆ ಕಾಯುತ್ತಿದ್ದ. ಇನ್ಸ್‌ಪೆಕ್ಟರ್ ಸಂಘಮಿತ್ರ ಮೇಡಂ ಕೈಯಲ್ಲಿ ಟ್ಯಾಬ್ ಹಿಡಿದು ಬಂದರು. ವಯಸ್ಸು ಚಿಕ್ಕದು, ಮಾತು ಇನ್ನೂ ಚಿಕ್ಕದು.

"ಬಾನೆಟ್ ತೆಗೀರಿ."

ಭಾನುಪ್ರಕಾಶ ಒಳಗಿನ ಹಿಡಿ ಎಳೆದ. ಟಕ್ ಎಂದಿತು. ಹಿಡಿ ಕೈಗೇ ಬಂತು, ಅದರ ಹಿಂದೆ ಒಂದು ಗೇಣು ತುಂಡು ತಂತಿ. ಊರಿನವರಿಗೆಲ್ಲ ತೆರೆದುಕೊಂಡ ಬಾನೆಟ್ಟು ತೆರೆಯಲೇಬೇಕಾದವರ ಮುಂದೆ ಬಾಯಿ ಬಿಗಿದುಕೊಂಡಿತು.

"ಹನ್ನೆರಡೂವರೆಗೆ ನಾನು ಶಿಡ್ಲಘಟ್ಟದ ಕ್ಯಾಂಪಿಗೆ ಹೋಗ್ಬೇಕು" ಎಂದರು ಮೇಡಂ. "ಇಂಜಿನ್ ನಂಬರ್ ನೋಡ್ದೆ ಪಾಸ್ ಮಾಡಕ್ಕಾಗಲ್ಲ."

ಭಾನುಪ್ರಕಾಶನಿಗೆ ಶೆಡ್ಡಿನೊಳಗೆ ಮೂವತ್ತು ಮಕ್ಕಳು ಮಗ್ಗಿ ಹೇಳುವುದು ಕೇಳಿಸಿತು. ಲಾಲ್ ಬಾಷಾ ಮುನಿನಾರಾಯಣಪ್ಪನವರ ಛತ್ರಿ ಕಿತ್ತುಕೊಂಡು ಅದರ ಒಂದು ಕಡ್ಡಿ ಮುರಿದ. "ಲೇ ಲೇ, ನನ್ ಛತ್ರಿ!" ಎಂಬ ಕೂಗಿನ ನಡುವೆಯೇ ಕಾರಿನ ಮುಂದೆ ಅಂಗಾತ ಮಲಗಿ, ಜಾಲರಿಯ ಸಂದಿನಲ್ಲಿ ಕಡ್ಡಿ ತೂರಿಸಿ ಹತ್ತು ನಿಮಿಷ ತಡಕಾಡಿದ. ಬಾನೆಟ್ ಏಳನೆಯ ಸಲ ಎದ್ದಿತು. ಅಂಗಳದಲ್ಲಿ ಲೈಸೆನ್ಸಿಗೆ ಬಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಂಬರು ಕೆಳಗೆ, ಒಂದು ಮೂಲೆಯಲ್ಲಿ ಬೆಳ್ಳಿ ಬಣ್ಣದಡಿ ಹೂತುಹೋಗಿತ್ತು. ಇಷ್ಟು ದಿನ ಅದನ್ನು ಕಣ್ಣಿಟ್ಟು ಯಾರೂ ಓದಿರಲಿಲ್ಲ. ಅರ್ಜಿಯಲ್ಲಿ ಬರೆದದ್ದು ಡೀಲರನ ಬಿಲ್ಲು ನೋಡಿ. ಮೇಡಂ ಬಣ್ಣ ಕೆರೆಸಿ, ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿಸಿದರು. ಅಂಕೆಗಳು ಒಂದೊಂದಾಗಿ ಕಾಗದದ ಮೇಲೆ ಮೂಡಿದವು. ಅವರು ಕಾಗದ ನೋಡಿದರು, ಬಿಲ್ಲು ನೋಡಿದರು, ಹುಬ್ಬು ಗಂಟಿಕ್ಕಿದರು.

"ಬಿಲ್ಲಲ್ಲಿರೋ ನಂಬರೇ ಬೇರೆ, ಇಂಜಿನ್ ಮೇಲಿರೋದೇ ಬೇರೆ."

"ಅಂದ್ರೆ?" ಎಂದ ಭಾನುಪ್ರಕಾಶ.

"ಅಂದ್ರೆ ಈ ಇಂಜಿನ್ನು ಇನ್ಯಾವುದೋ ಗಾಡೀದು. ಯಾರ್ದು ಅಂತ ನೋಡ್ಬೇಕು."

ಕದ್ದ ಮಾಲು! ಮುನಿನಾರಾಯಣಪ್ಪ ಕಾರಿನಿಂದ ಮೆಲ್ಲಗೆ ನಾಲ್ಕು ಹೆಜ್ಜೆ ದೂರ ಸರಿದು, ಅಂಗಳಕ್ಕೆ ಬೇರೆ ಕೆಲಸಕ್ಕೆ ಬಂದವರಂತೆ ಆಕಾಶ ನೋಡತೊಡಗಿದರು. ಲಾಲ್ ಬಾಷಾ "ಯಾ ಅಲ್ಲಾ, ನಂಗೇನೂ ಗೊತ್ತಿಲ್ಲ ಮೇಡಂ" ಎಂದು ಕಿವಿ ಹಿಡಿದುಕೊಂಡ. ಮೇಡಂ ಟ್ಯಾಬಿನಲ್ಲಿ ನಂಬರ್ ಒತ್ತಿದರು. ಚಕ್ರ ತಿರುಗಿತು, ತಿರುಗಿತು, ನಿಂತಿತು.

"ಸಿಕ್ತು. ಗೌರಿಬಿದನೂರಿನೋರದ್ದು ಗಾಡಿ."

"ಗೌರಿಬಿದನೂರಾ? ಯಾರು ಮೇಡಂ? ನಾನೇ ಹೋಗಿ ಕಾಲಿಗೆ ಬೀಳ್ತೀನಿ."

"ಹೆಸರು ಭಾನುಪ್ರಕಾಶ್" ಎಂದರು ಮೇಡಂ. ಒಂದು ಸಲ ಟ್ಯಾಬ್ ನೋಡಿ, ಒಂದು ಸಲ ಅವನ ಮುಖ ನೋಡಿದರು. "ನೀವೇ."

ಮೊದಲು ಅರ್ಥವಾದದ್ದು ಲಾಲ್ ಬಾಷಾನಿಗೆ. ಅವನು ಇಂಜಿನ್ನಿನ ಒಂದು ಪಕ್ಕದ ಬಣ್ಣವನ್ನು ಉಗುರಿನಿಂದ ಕೆರೆದು, ತಾನೇ ಹಿಂದೆ ಹಾಕಿದ್ದ ವೆಲ್ಡಿಂಗ್ ಗುರುತು ಕಂಡು, ಹಣೆ ಚಚ್ಚಿಕೊಂಡ. "ಗುಜರಿಗೆ ಕೊಟ್ಟಿದ್ದನ್ನೇ ರಿಂಗು ಬದಲಾಯ್ಸಿ, ಬಣ್ಣ ಹೊಡ್ದು ನಮ್ಗೇ ಕಳ್ಸವ್ನೆ ಸಾರ್! ಇದು ಅಣ್ಣ ಅಲ್ಲ, ತಮ್ಮನೇ!"

ಮುನಿನಾರಾಯಣಪ್ಪ ನಾಲ್ಕು ಹೆಜ್ಜೆ ವಾಪಸ್ ಬಂದರು. "ಆದ್ರೂ ಏರಲ್ಲಿ ಪಿಕಪ್ ಇತ್ತಪ್ಪಾ."

ಮೇಡಂ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು.

"ಮೇಡಂ, ಹಂಗಾದ್ರೆ ಗಾಡಿ ಓಡ್ಸಬಹುದಾ?"

"ಧಾರಾಳವಾಗಿ ಓಡ್ಸಿ. ನಿಮ್ದೇ ಗಾಡಿ, ನಿಮ್ದೇ ಇಂಜಿನ್ನು. ಆದ್ರೆ ಬದಲಾಗ್ದೆ ಇರೋದನ್ನ ಬದಲಾಗಿದೆ ಅಂತ ನಾನು ಹೆಂಗೆ ಬರೀಲಿ? ಅರ್ಜಿ ತಿರಸ್ಕಾರ." ಕಾಗದ ಅವನ ಕೈಗಿತ್ತು ಜೀಪು ಹತ್ತಿದರು.

ಭಾನುಪ್ರಕಾಶ ಹುಣಸೆ ಮರದ ಕೆಳಗೆ ಕುಸಿದು ಕೂತ. ಅವನಿಗೆ ಡೀಲರನ ಮೇಲೆ ಸಿಟ್ಟಿತ್ತು, ನಿಜ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಆ ಏರಿನಲ್ಲಿ ಕೈ ಆಡಿಸಿದ ತನ್ನ ಮೇಲೆಯೇ ನಾಚಿಕೆಯಾಯಿತು. ಫೋನ್ ಹೊಡೆದುಕೊಂಡಿತು. ಯಶೋಧರಾ.

"ಎಲ್ಲಾ ಗೊತ್ತಾಯ್ತು ರೀ. ಮುನಿನಾರಾಯಣಪ್ಪನೋರು ಆಗಲೇ ಫೋನ್ ಮಾಡಿದ್ರು."

ಭಾನುಪ್ರಕಾಶ ಮುನಿನಾರಾಯಣಪ್ಪನವರ ಕಡೆ ನೋಡಿದ. ಅವರು ಮುರಿದ ಛತ್ರಿಯನ್ನು ಬಿಚ್ಚಿ ಮುಚ್ಚಿ ಪರೀಕ್ಷಿಸುವುದರಲ್ಲಿ ತಲ್ಲೀನರಾಗಿದ್ದರು.

"ಏನೋ ಎಳೀತಾ ಇರೋ ಸದ್ದು ಕೇಳ್ತಿದೆಯಲ್ಲೇ, ಏನದು?"

"ಬೆಂಚುಗಳು. ಸ್ಕೂಲಿಗೆ ರಜಾ ಹಾಕಿ ಶೆಡ್ಡಲ್ಲಿ ಜೋಡಿಸ್ತಾ ಇದೀನಿ. ಐದೂವರೆಗೆ ಮೊದಲ್ನೇ ಕ್ಲಾಸು. ನೀವು ಕಾರನ್ನ ಬೀದೀಲಿ ನಿಲ್ಸ್ಕೊಳ್ಳಿ."

"ಆಯ್ತು" ಎಂದ ಭಾನುಪ್ರಕಾಶ ಸಣ್ಣ ದನಿಯಲ್ಲಿ. ಪಕ್ಕದಲ್ಲಿ ಲಾಲ್ ಬಾಷಾ ಅವನನ್ನು ಸಮಾಧಾನ ಮಾಡಲು, "ಬಿಡಿ ಸಾರ್, ಸೈಲೆನ್ಸರ್ ಅಂತೂ ಹೊಸದೇ, ನಾನೇ ಹಾಕಿದ್ದು. ಆ ಗುಡುಗು ನಿಮ್ಮಿಂದ ಯಾರೂ ಕಿತ್ಕೊಳ್ಳಕ್ಕಾಗಲ್ಲ" ಎನ್ನುತ್ತಿದ್ದ.

"ಇನ್ನೊಂದು ವಿಷಯ ರೀ" ಎಂದಳು ಯಶೋಧರಾ. "ಲಾಲ್ ಬಾಷಾ ಅಲ್ಲೇ ಇದಾರಂತಲ್ಲ. ಬರೋಕ್ ಮುಂಚೆ ಅವರ ಗ್ಯಾರೇಜಿಗೆ ಹೋಗಿ ಆ ಸೈಲೆನ್ಸರ್ ಬಿಚ್ಚಿಸಿ ಹಳೇದು ಹಾಕಿಸ್ಕೊಂಡು ಬನ್ನಿ. ಮಕ್ಕಳಿಗೆ ಪಾಠ ಕೇಳಿಸ್ಬೇಕು."