ಮಿಲೆಟಸ್ ಬಂದರು, ತಾಲ್ಲೂಕು ಮುದ್ದೇಬಿಹಾಳ

ಹದಿನಾರು ವರ್ಷದಿಂದ ಮುದ್ದೇಬಿಹಾಳ ಕಡೆಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಬೇರೆ ಪಾಠಗಳೆಲ್ಲ ಸುಸೂತ್ರ ಮುಗಿಯುತ್ತವೆ. ಒಂದು ಕಾಲಕ್ಕೆ ಸಮುದ್ರದಂಡೆಯಲ್ಲಿದ್ದ ಗ್ರೀಕರ ಹಾಳೂರು ಮಿಲೆಟಸ್ ಬಂತೆಂದರೆ ಮಾತ್ರ ಏನಾದರೊಂದು ಆಗದೆ ಬಿಡುವುದಿಲ್ಲ.

ಉತಾರ

ಸಮುದ್ರವನ್ನೇ ನೋಡದ ಮಕ್ಕಳಿಗೆ ಬೋರ್ಡಿನ ಮೇಲೆ ಹಡಗು ಬರೆದು ಹೇಳಿದೆ: "ನದಿ ವರ್ಷಾ ವರ್ಷಾ ಹೂಳು ತಂದು ಹಾಕಿತು. ಸಮುದ್ರ ಮೈಲುಗಟ್ಟಲೆ ಹಿಂದ ಸರೀತು. ಹಡಗು ಬರೂದು ನಿಂತು ಊರು ಹಾಳಾತು."

ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಊರು ಕಳೆದುಕೊಂಡ ಮನೆತನದ ಹುಡುಗಿಯೊಬ್ಬಳು ಎದ್ದಳು. "ನಮ್ಮೂರು ನೀರು ಬಂದು ಹೋತ್ರಿ ಅಕ್ಕೋರ. ಅವರದು ನೀರು ಹೋಗಿ ಹೋತೇನ್ರಿ?"

ಇಷ್ಟು ಚೆಂದ ನಾನೂ ಹೇಳಿರಲಿಲ್ಲ. ಶಹಬ್ಬಾಸ್ ಅನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ, ಊರಿನ ಜಮೀನು ದಾಖಲೆ ಬರೆಯುವ ತಲಾಠಿಯವರ ಮಗಳು ಕೈ ಎತ್ತಿದಳು.

"ಸಮುದ್ರ ಬಿಟ್ಟುಹೋದ ಜಮೀನಿನ ಉತಾರ ಯಾರ ಹೆಸರಿಗಾತ್ರಿ?"

"ಅದು ಸಿಲಬಸ್‌ನ್ಯಾಗ ಇಲ್ಲ, ಕೂಡು" ಅಂದೆ.

ಅರ್ಧ ಮಾರ್ಕು

ಪರೀಕ್ಷೆಯ ಪ್ರಶ್ನೆ: ‘ಗ್ರೀಕರ ಬಂದರು ಹೇಗೆ ಹಾಳಾಯಿತು?’

ಒಬ್ಬ ವಿದ್ಯಾರ್ಥಿಯ ಉತ್ತರ: ‘ಗ್ರೀಕರು ಬಂದರು. ಬಂದವರು ಹೋಗಲೇ ಇಲ್ಲ. ಹೀಗಾಗಿ ಹಾಳಾಯಿತು.’

ಸೊನ್ನೆ ಹಾಕಲು ಮನಸ್ಸಾಗದೆ ಹೆಡ್ ಮಾಸ್ತರರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಗಂಭೀರವಾಗಿ ಹೇಳಿದರು: "ಅರ್ಧ ಮಾರ್ಕು ಕೊಡ್ರಿ. ನಮ್ಮ ಮನ್ಯಾಗೂ ಬೀಗರು ಬಂದು ಹದಿನೈದು ದಿನ ಆತು."

ರಿಪೇರಿ

ಹೋದ ವರ್ಷ ತಾಲ್ಲೂಕು ಮಟ್ಟದ ವಸ್ತುಪ್ರದರ್ಶನ ನಮ್ಮ ಸಾಲಿಯಲ್ಲೇ ಇತ್ತು. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ. ಹತ್ತನೇ ತರಗತಿಯ ನಾಲ್ವರು ಹುಡುಗಿಯರು ಮೂರು ವಾರ ಕೂತು ಥರ್ಮೋಕೋಲಿನಲ್ಲಿ ಮಿಲೆಟಸ್ ಕಟ್ಟಿದ್ದರು. ಕಟ್ಟುವುದಕ್ಕಿಂತ ಮುರಿಯುವುದೇ ಕಷ್ಟವಾಗಿತ್ತು. ಒಂದೊಂದು ಕಂಬವನ್ನೂ ಅಳತೆ ನೋಡಿ ಮುರಿದು, ಊದುಬತ್ತಿಯಿಂದ ಸುಟ್ಟು ಹಳೇದು ಮಾಡಿದ್ದರು.

ಪ್ರದರ್ಶನದ ದಿನ ಬಾಗಿಲು ತೆಗೆದರೆ ಕಂಬಗಳೆಲ್ಲ ನೆಟ್ಟಗೆ ನಿಂತಿವೆ. ಮೇಲೆ ರಟ್ಟಿನ ಸ್ಲ್ಯಾಬು. ಎಲ್ಲಕ್ಕೂ ಸಾಲಿಯ ಗೋಡೆಗೆ ಬಳಿದುಳಿದ ಹಳದಿ ಬಣ್ಣ. ಪಕ್ಕದಲ್ಲಿ ಸಾಲಿಯ ಗಂಟೆ ಬಾರಿಸುವ ನಮ್ಮ ಹಿರಿಯ ಸಿಪಾಯಿ ಫೆವಿಕಾಲ್ ಡಬ್ಬಿ ಹಿಡಿದು ನಿಂತಿದ್ದರು.

"ಬೆಕ್ಕು ಹೊಕ್ಕು ಎಲ್ಲಾ ಮುರದಿತ್ರಿ ಅಕ್ಕೋರ. ಹುಡುಗ್ಯಾರು ನೋಡಿದ್ರ ಅಳ್ತಾರಂತ, ನಸುಕಿನ್ಯಾಗ ಬಂದು ರಿಪೇರಿ ಮಾಡೇನಿ."

ಹುಡುಗಿಯರು ಅತ್ತರು. ರಿಪೇರಿ ನೋಡಿ ಅತ್ತರು. ಮತ್ತೆ ಮುರಿಯೋಣವೆಂದರೆ ಫೆವಿಕಾಲ್ ಒಣಗಿ ಗಟ್ಟಿಯಾಗಿತ್ತು, ಸಿಂದಗಿಯಿಂದ ಬಂದ ತೀರ್ಪುಗಾರರು ಆಗಲೇ ಬಾಗಿಲಲ್ಲಿದ್ದರು.

ಅವರು ಫಲಕ ಓದಿದರು: ‘ಎರಡು ಸಾವಿರ ವರ್ಷದ ಹಾಳು ನಗರ.’ ಮಾಡೆಲ್ಲಿನ ಸುತ್ತ ಒಂದು ಸುತ್ತು ಬಂದರು. "ಹಾಳಾಗಿದ್ದು ಎಲ್ಲೈತ್ರಿ?"

ಸಿಪಾಯಿ ಮುಂದೆ ಬಂದು ಕೈಕಟ್ಟಿ ನಿಂತರು.

"ಹಾಳಾಗಿತ್ರಿ ಸಾಹೇಬ್ರ. ಎರಡು ಸಾವಿರ ವರ್ಷ ಯಾರೂ ಲಕ್ಷ್ಯ ಕೊಟ್ಟಿದ್ದಿಲ್ಲ. ನಾ ಒಂದ ಮುಂಜಾನಿ ಮುಗಿಸೇನಿ."

ತೀರ್ಪುಗಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹುಡುಗಿಯರನ್ನು ಕೂರಿಸಿಕೊಂಡು ಇಡೀ ಕಥೆ ಕೇಳಿ, ಮಾಡೆಲ್ಲನ್ನು ಜಿಲ್ಲೆಗೆ ಆರಿಸಿದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕೋರ, ಈ ಸಿಪಾಯಿನ್ನ ಎರಡು ದಿನ ನಮ್ಮ ಆಫೀಸಿಗೆ ಕಳಸ್ತೀರೇನು? ಕಟ್ಟಿ ಆರು ವರ್ಷ ಆಗಿಲ್ಲ, ನೋಡಿದವರು ಗ್ರೀಕರದು ಅಂತಾರ."