ನನ್ನ ಕಡಲ ದೇವರು ಮತ್ತು ಗ್ರಂಥಾಲಯ ಸಮಿತಿ

ನಮ್ಮ ಮನೆತನ ಮಂಗಳೂರಿನಿಂದ ಉಪ್ಪಳದ ಕಡೆಗೆ ಬಂದು ನಾಲ್ಕು ತಲೆಮಾರು ಕಳೆಯಿತು. ಅಜ್ಜ ಇಗರ್ಜಿಯಲ್ಲಿ ನಮ್ಮ ವಾಡೆಯ ಗುರ್ಕಾರರು, ಅಂದರೆ ಮುಖಂಡರು. ಅಕ್ಕಪಕ್ಕದವರ ಜಗಳಗಳು ಅವರ ಜಗಲಿಯಲ್ಲೇ ಮುಗಿಯುತ್ತಿದ್ದವು, ಠಾಣೆಗೆ ಹೋಗುತ್ತಿರಲಿಲ್ಲ. ತಂದೆ ಸಹಕಾರಿ ಸಂಘದ ಅಧ್ಯಕ್ಷರಾಗಿದ್ದರು. ಊರಿನಲ್ಲಿ ಯಾವ ಸಮಾರಂಭವಾದರೂ ಇಬ್ಬರಿಗೂ ವೇದಿಕೆಯ ಮೇಲೆ ಕುರ್ಚಿ ಇರುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಆ ಮೂವತ್ತು ವರ್ಷವೂ ಪ್ರಾರ್ಥನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತ ವೇದಿಕೆಯ ಬದಿಯಲ್ಲಿ ನಿಂತಿದ್ದೆ. ಕೂತದ್ದಿಲ್ಲ.

ನಿವೃತ್ತಿಯ ನಂತರ ಕಾದಂಬರಿ ಬರೆಯತೊಡಗಿದೆ. ಕಾನ್ವೆಂಟಿನಲ್ಲಿದ್ದ ಐರಿಷ್ ಸಿಸ್ಟರ್ ಒಬ್ಬರು ಮಳೆಗಾಲದ ಮಧ್ಯಾಹ್ನಗಳಲ್ಲಿ ತಮ್ಮ ನಾಡಿನ ಹಳೆಯ ಕೆಲ್ಟಿಕ್ ದೇವತೆಗಳ ಕಥೆ ಹೇಳುತ್ತಿದ್ದರು. ಅಲೆಗಳ ಮೇಲೆ ರಥ ಓಡಿಸುವ ಕಡಲ ದೇವರು ಮನನಾನ್, ಬೆಂಕಿಯ ದೇವಿ ಬ್ರಿಗಿಡ್. ಅವರನ್ನು ನಾನು ಈಗಿನ ಉಪ್ಪಳಕ್ಕೆ ತಂದೆ. ರೈಲ್ವೆ ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗಿಯೊಬ್ಬಳಿಗೆ ನೀರು, ಗಾಳಿ, ಮಣ್ಣು, ಬೆಂಕಿ ಒಂದೊಂದಾಗಿ ವಶವಾಗುತ್ತವೆ. ಒಂದೊಂದಕ್ಕೆ ಒಂದೊಂದು ಪುಸ್ತಕ. ಮೊದಲ ಮೂರನ್ನು ಪ್ರಕಾಶಕರು ಯಾವ ಸಮಾರಂಭವೂ ಇಲ್ಲದೆ ಪಾರ್ಸೆಲ್‌ನಲ್ಲಿ ಕಳಿಸಿದರು. ನಾಲ್ಕನೆಯದನ್ನು ನಮ್ಮ ಊರಿನ ಗ್ರಂಥಾಲಯ ಸಮಿತಿಯೇ ಬಿಡುಗಡೆ ಮಾಡುವುದೆಂದು ತೀರ್ಮಾನವಾಯಿತು. ಅಂತೂ ನನಗೂ ಒಂದು ಕುರ್ಚಿ ಸಿಗುತ್ತದೆ ಎಂದುಕೊಂಡೆ. ಆ ಆಸೆ ಇತ್ತು, ಮುಚ್ಚಿಡುವುದಿಲ್ಲ.

ಇದು ಕಟ್ಟುಕಥೆ ಎಂದು ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಅಚ್ಚು ಹಾಕಿಸಿದ್ದೇನೆ. ಆದರೂ ಮುಂದೆ ಹೇಳುವಂಥ ಪ್ರಸಂಗಗಳು ನಿಲ್ಲಲಿಲ್ಲ. ಇನ್ನು ನಿಲ್ಲುತ್ತವೆ ಎಂಬ ಭರವಸೆಯೂ ನನಗಿಲ್ಲ.

ಬಾಡಿಗೆಗೆ ಬಂದವರು

ಮೊದಲ ಪುಸ್ತಕದಲ್ಲಿ ಕಡಲ ದೇವರಿಗೆ ಇರಲು ಒಂದು ಜಾಗ ಬೇಕಿತ್ತು. ಗಲ್ಫಿನಲ್ಲಿರುವವರ ಬೀಗ ಹಾಕಿದ ಮನೆಯೊಂದರ ಮಾಳಿಗೆಯಲ್ಲಿ ಇಟ್ಟೆ. ಹಸಿರು ಗಾಜಿನ ಬಾಲ್ಕನಿ, ಗೇಟಿನ ಮೇಲೆ ಎರಡು ಹದ್ದು. ಅಂಥ ಮನೆ ನಮ್ಮಲ್ಲಿ ಹತ್ತಾರು ಉಂಟು.

ಪುಸ್ತಕ ಬಂದ ತಿಂಗಳಲ್ಲೇ ಶಾರ್ಜಾದಿಂದ ಫೋನ್ ಬಂತು. ನನ್ನ ಹಳೆಯ ವಿದ್ಯಾರ್ಥಿ, ಈಗ ದೊಡ್ಡ ವ್ಯಾಪಾರಿ. ಮನೆ ತನ್ನದೆಂದು ಹದ್ದುಗಳಿಂದ ಗುರುತು ಹಿಡಿದಿದ್ದ. ಅದು ಕಲ್ಪನೆ, ಆ ಮನೆಯಲ್ಲಿ ಯಾರೂ ಇಲ್ಲ ಎಂದು ಅರ್ಧ ಗಂಟೆ ವಿವರಿಸಿದೆ. ಅವನು ಎಲ್ಲದಕ್ಕೂ ಹೌದು ಹೌದು ಎಂದ. ಕೊನೆಗೆ ಬಹಳ ವಿನಯದಿಂದ ಕೇಳಿದ:

"ಅದೆಲ್ಲ ಸರಿ ಟೀಚರ್. ನಾವು ಬಕ್ರೀದಿಗೆ ಊರಿಗೆ ಬರ್ತೇವೆ. ಅವರು ಖಾಲಿ ಮಾಡುವುದು ಎಷ್ಟನೇ ಪುಸ್ತಕದಲ್ಲಿ?"

ಬಾವಿಯ ನೀರು

ನಮ್ಮ ಪಕ್ಕದ ಮನೆ ತುಳುವರದ್ದು. ಆ ಮನೆಯ ಅಕ್ಕ ನನ್ನ ಮೂರೂ ಪುಸ್ತಕಗಳನ್ನು ಮೊದಲಿಂದ ಕೊನೆಯವರೆಗೆ ಓದಿದ ಏಕೈಕ ವ್ಯಕ್ತಿ. ಅದನ್ನು ನೆನೆದಾಗ ಸಂತೋಷವಾಗುತ್ತದೆ. ಮುಂದಿನದನ್ನು ನೆನೆದಾಗ ಹೋಗುತ್ತದೆ.

ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿಯುತ್ತಿದ್ದ ದಿನಗಳಲ್ಲಿ ಅವರ ಬಾವಿಯ ನೀರು ಕೆಂಪಾಯಿತು. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಕಡಲಾಚೆಯಿಂದ ಬಂದ ಯಾವುದೋ ಶಕ್ತಿ ನೆಲೆಯಿಲ್ಲದೆ ಅಲೆಯುತ್ತಿದೆ ಎಂದು ಕವಡೆಯಲ್ಲಿ ಕಂಡಿತಂತೆ. ಅಕ್ಕನಿಗೆ ಯಾರೆಂದು ತಕ್ಷಣ ಹೊಳೆಯಿತು. ಮರುದಿನ ಬೆಳಿಗ್ಗೆ ವೀಳ್ಯದೆಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು.

"ತಂಬಿಲ ಕೊಡುವ, ಎಡೆ ಇಡುವ ಅಂತ ಉಂಟು. ನೀವೇ ಕರಕೊಂಡು ಬಂದವರಲ್ವಾ, ನೀವು ಹೇಳಬೇಕು. ಅವರಿಗೆ ಎಂತ ಆಗ್ತದೆ? ಎಳನೀರು ಸಾಕಾ, ಕೋಳಿಯೇ ಬೇಕಾ?"

ನಾನು ಕ್ರೈಸ್ತಳು ಎಂದೆ. ಅದಕ್ಕೇನು, ಅವರೂ ಇಲ್ಲಿಯವರಲ್ಲವಲ್ಲ ಎಂದರು. ಮನನಾನ್ ಪುಸ್ತಕದ ಪಾತ್ರ, ಎಲ್ಲ ಅದರಲ್ಲೇ ಇದೆ ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ.

"ಎಲ್ಲ ಇಲ್ಲ ಟೀಚರ್. ಮೂರು ಪುಸ್ತಕ ಅವರನ್ನು ನಡೆಸಿದ್ದೀರಿ. ಒಂದು ಹೊತ್ತು ಊಟ ಹಾಕಿದ್ದು ಎಲ್ಲಿಯೂ ಬರೆದಿಲ್ಲ. ಮತ್ತೆ ನೀರು ಕೆಂಪಾಗದೆ ಎಂತ ಆಗ್ತದೆ?"

ಅವರು ಹೋದ ಮೇಲೆ ಮೂರೂ ಪುಸ್ತಕ ತೆಗೆದು ನೋಡಿದೆ. ನಿಜ. ಎಂಟುನೂರು ಪುಟಗಳಲ್ಲಿ ಆ ಮನುಷ್ಯ ಒಂದು ಲೋಟ ಚಹಾ ಕುಡಿದಿರಲಿಲ್ಲ. ಇದನ್ನು ಯಾವ ವಿಮರ್ಶಕರೂ ನನಗೆ ಹೇಳಿರಲಿಲ್ಲ.

ಎಳನೀರಿನಲ್ಲೇ ಮುಗಿಸಿದರು. ಮುಂದಿನ ವಾರ ಗುಡ್ಡ ಕಡಿಯುವ ಕೆಲಸ ನಿಂತಿತು, ನೀರು ತಿಳಿಯಾಯಿತು. ಯಾವುದರಿಂದ ಯಾವುದಾಯಿತು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ನಾನು ಕೇಳುವುದನ್ನು ಬಿಟ್ಟೆ.

ಕೊನೆಯ ಅಧ್ಯಾಯ

ನಾಲ್ಕನೆಯ ಪುಸ್ತಕದ ಕರಡನ್ನು ಗ್ರಂಥಾಲಯದ ಕಾರ್ಯದರ್ಶಿಯವರಿಗೆ ಓದಲು ಕೊಟ್ಟೆ. ಅದರ ಕೊನೆಯಲ್ಲಿ ಬ್ರಿಗಿಡ್ ದೇವಿ ಸಿಟ್ಟಿನಲ್ಲಿ ಊರಿನ ಗ್ರಂಥಾಲಯವನ್ನು ಸುಡುತ್ತಾಳೆ. ಅದು ಇಡೀ ಸರಣಿಯ ಶಿಖರ. ಎರಡು ಮಳೆಗಾಲ ಕೂತು ಬರೆದದ್ದು. ಕಾರ್ಯದರ್ಶಿಯವರು ಎರಡೇ ದಿನದಲ್ಲಿ ಹಿಂದೆ ತಂದರು. ಮುಖ ಸಪ್ಪಗಿತ್ತು. ಪಕ್ಕದ ಮನೆಯ ಬಾವಿಯ ವಿಷಯ ಅವರಿಗೂ ಗೊತ್ತಿತ್ತು. ಭಾಷೆ ಚೆನ್ನಾಗಿದೆ ಎಂದರು, ಹುಡುಗಿಯ ಪಾತ್ರ ಚೆನ್ನಾಗಿದೆ ಎಂದರು. ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದವರು ತಿರುಗಿ ನಿಂತರು.

"ದೂರದ ಬೋವಿಕಾನದಲ್ಲಿಯೂ ಗ್ರಂಥಾಲಯ ಇರಬಹುದಲ್ವಾ ಟೀಚರ್?"

ನಾನು ಒಂದಕ್ಷರವನ್ನೂ ಬದಲಿಸಲಿಲ್ಲ.

ಬಿಡುಗಡೆ

ಸಮಾರಂಭದ ದಿನ ಅಮ್ಮನ ರೇಷ್ಮೆ ಸೀರೆ ಉಟ್ಟು ಹದಿನೈದು ನಿಮಿಷ ಮೊದಲೇ ಹೋದೆ. ಸಭಾಂಗಣದ ಬಾಗಿಲಲ್ಲಿ ಎರಡು ಬಕೆಟ್ ಮರಳು ಇಟ್ಟಿದ್ದರು. ಪುಸ್ತಕದ ಹೆಸರು ಬೆಂಕಿ ಆದ್ದರಿಂದ ದೀಪ ಬೆಳಗಿಸುವುದನ್ನು ಸಮಿತಿ ರದ್ದು ಮಾಡಿತ್ತು. ಕಾಲುದೀಪದ ಬತ್ತಿಯ ಜಾಗದಲ್ಲಿ ಬ್ಯಾಟರಿಯ ಬಲ್ಬು. ಇದನ್ನು ಸಹಿಸಿಕೊಂಡೆ.

ವೇದಿಕೆಯ ಮೇಲೆ ನಾಲ್ಕು ಕುರ್ಚಿ. ಒಂದರಲ್ಲಿ ಸಮಿತಿಯ ಅಧ್ಯಕ್ಷರು, ಒಂದರಲ್ಲಿ ಪಂಚಾಯತ್ ಸದಸ್ಯೆ, ಒಂದರಲ್ಲಿ ಎಡನೀರಿನಿಂದ ಬಂದ ಮುಖ್ಯ ಅತಿಥಿ, ನಿವೃತ್ತ ಪ್ರೊಫೆಸರ್. ನಾಲ್ಕನೆಯದು ಖಾಲಿ. ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದೆ. ಕುರ್ಚಿಯ ಮೇಲೆ ಬಿಳಿ ಟವೆಲ್ ಹಾಸಿತ್ತು. ಮುಂದಿನ ಟೀಪಾಯಿಯಲ್ಲಿ ಕೆತ್ತಿದ ಎಳನೀರು, ಹೆಸರಿನ ಚೀಟಿ: ಶ್ರೀ ಮನನಾನ್.

ಬೆಂಕಿಯವಳು ಬರುವ ದಿನ ನೀರಿನವರೊಬ್ಬರು ಕಣ್ಣೆದುರು ಕೂತಿರಲಿ ಎಂದು ಪಕ್ಕದ ಮನೆಯ ಅಕ್ಕ ಸೂಚಿಸಿದ್ದರಂತೆ. ಸಮಿತಿ ಒಮ್ಮತದಿಂದ ಒಪ್ಪಿತ್ತಂತೆ. ನನ್ನ ಕುರ್ಚಿ ಎಲ್ಲಿ ಎಂದು ಕಾರ್ಯದರ್ಶಿಯವರನ್ನು ಕೇಳಿದೆ.

"ಟೀಚರ್, ನೀವು ಮನೆಯವರು. ಅವರು ದೂರದಿಂದ ಬಂದವರು," ಎಂದರು. ಆಮೇಲೆ ದನಿ ತಗ್ಗಿಸಿ, "ಪ್ರಾರ್ಥನೆಯ ಮಕ್ಕಳು ಗಲಾಟೆ ಮಾಡ್ತಾ ಇದ್ದಾರೆ. ನೀವು ಸ್ವಲ್ಪ ಸಾಲಾಗಿ ನಿಲ್ಲಿಸಿದರೆ ಉಪಕಾರ ಆಗ್ತಿತ್ತು."

ನಿಲ್ಲಿಸಿದೆ. ವೇದಿಕೆಯ ಬದಿಯಲ್ಲಿ, ಅದೇ ಜಾಗದಲ್ಲಿ. ಸ್ವಾಗತ ಭಾಷಣದಲ್ಲಿ ಮೊದಲು ಮನನಾನರ ಹೆಸರು ಬಂತು, ಜೋರು ಚಪ್ಪಾಳೆ. ಪ್ರೊಫೆಸರರು ಏನೂ ತಿಳಿಯದೆ ಖಾಲಿ ಕುರ್ಚಿಗೆ ಕೈಮುಗಿದರು. ನನ್ನ ಹೆಸರು ಧನ್ಯವಾದದಲ್ಲಿ ಬಂತು, ಧ್ವನಿವರ್ಧಕದವರ ನಂತರ. ಎಳನೀರು ಕೊನೆಗೆ ಖಾಲಿಯಾಗಿತ್ತು. ಅಧ್ಯಕ್ಷರು ತುಟಿ ಒರೆಸಿಕೊಳ್ಳುತ್ತಿದ್ದರು.

ಗ್ರಂಥಾಲಯಕ್ಕೆ ಬೆಂಕಿ ಬೀಳಲಿಲ್ಲ. ಕುರ್ಚಿ ಹಾಕಿದ್ದು ಸರಿಯಾಯಿತು ಎಂದು ಸಮಿತಿಯವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಸಮಿತಿಯವರು ನನ್ನಲ್ಲಿ ಕ್ಷಮೆ ಕೇಳಬೇಕು. ಲಿಖಿತವಾಗಿ, ಅಧ್ಯಕ್ಷರ ಸಹಿಯೊಂದಿಗೆ.